ಕೈಗಾದ ಹೊಸ ಘಟಕಗಳು ಮತ್ತು ನಮ್ಮ ಪಾಲಿನ ಹೊಣೆ

ಪ್ರಶ್ನೆ: ನಾನು ಉತ್ತರ ಕನ್ನಡ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕ. ಹವಾಮಾನ ಬದಲಾವಣೆಯ ಪಾಠ ಮಾಡುವಾಗ ಮಕ್ಕಳು ಕೇಳಿದ ಎರಡು ಪ್ರಶ್ನೆಗಳಿಗೆ ನನಗೇ ಸಮಾಧಾನವಾಗುವಂತೆ ಉತ್ತರಿಸಲು ಆಗಲಿಲ್ಲ. ಗಾಳಿಗೆ ಇಂಗಾಲ ತುಂಬಿದವರು ಶ್ರೀಮಂತ ದೇಶದವರು. ಹಾಗಿದ್ದ ಮೇಲೆ ಭಾರತ ಏಕೆ ಕಡಿಮೆ ಮಾಡಬೇಕು? ಮಾಡಲೇಬೇಕು ಎಂದಾದರೆ ಅದಕ್ಕೆ ಅಣು ವಿದ್ಯುತ್ತೇ ದಾರಿ ಎನ್ನುವುದು ನಿಜವೇ? ಜರ್ಮನಿ ಮುಚ್ಚಿದ್ದನ್ನು ನಾವು ಕೈಗಾದಲ್ಲಿ ಬೆಳೆಸುತ್ತಿದ್ದೇವಲ್ಲ! 5 ಮತ್ತು 6ನೇ ಘಟಕಗಳು ಬೇಕೋ ಬೇಡವೋ ಎಂಬುದನ್ನು ಸುತ್ತುಬಳಸದೆ ಹೇಳಿ.

ಉತ್ತರ: ನಿಮ್ಮ ವಿದ್ಯಾರ್ಥಿಗಳು ಕೇಳಿದ್ದು ಎರಡು ಬೇರೆ ಬೇರೆ ಪ್ರಶ್ನೆಗಳು. ಮೊದಲನೆಯದು ಸಾಲದ ಲೆಕ್ಕ, ಎರಡನೆಯದು ಅದನ್ನು ತೀರಿಸುವ ಸಾಧನದ ಲೆಕ್ಕ. ಇವೆರಡನ್ನೂ ಒಂದೇ ಉಸಿರಿನಲ್ಲಿ ಕೇಳುವ ರೂಢಿ ದೊಡ್ಡವರಲ್ಲೇ ಬೆಳೆದುಬಿಟ್ಟಿರುವುದರಿಂದ, ಒಂದು ಕಡೆಯವರು ‘ನಮಗೆ ಹೊಣೆಯೇ ಇಲ್ಲ, ಆದ್ದರಿಂದ ಅಣು ಸ್ಥಾವರವೂ ಬೇಡ’ ಎನ್ನುತ್ತಾರೆ, ಇನ್ನೊಂದು ಕಡೆಯವರು ‘ಅಣು ಸ್ಥಾವರ ಕಟ್ಟುತ್ತಿದ್ದೇವೆ, ಆದ್ದರಿಂದ ಹೊಣೆ ತೀರಿತು’ ಎನ್ನುತ್ತಾರೆ. ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಏಕೆ ಎಂದು ವಿವರಿಸಲು ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ. ನೀವು ವಿಜ್ಞಾನದ ಮೇಷ್ಟ್ರಾದ್ದರಿಂದ ಬೇಸರಪಡಲಾರಿರಿ ಎಂದುಕೊಂಡಿದ್ದೇನೆ.

ಇಂಗಾಲದ ಡೈಆಕ್ಸೈಡ್ ಹೊಗೆಯಂತೆ ನಾಲ್ಕು ದಿನದಲ್ಲಿ ಚದುರಿಹೋಗುವ ವಸ್ತುವಲ್ಲ. ಒಮ್ಮೆ ವಾತಾವರಣ ಸೇರಿದ್ದರ ದೊಡ್ಡ ಪಾಲು ಶತಮಾನಗಟ್ಟಲೆ ಅಲ್ಲೇ ಉಳಿಯುತ್ತದೆ. ಹಾಗಾಗಿ ಭೂಮಿ ಬಿಸಿಯಾಗಿರುವುದಕ್ಕೆ ಈ ವರ್ಷ ಯಾರು ಎಷ್ಟು ಬಿಟ್ಟರು ಎನ್ನುವುದಕ್ಕಿಂತ ಇದುವರೆಗೆ ಒಟ್ಟು ಎಷ್ಟು ಬಿಟ್ಟರು ಎನ್ನುವುದು ಮುಖ್ಯ. 1850ರಿಂದ 2019ರವರೆಗೆ ಮನುಷ್ಯರು ವಾತಾವರಣಕ್ಕೆ ಬಿಟ್ಟ ಇಂಗಾಲದ ಡೈಆಕ್ಸೈಡ್ ಸುಮಾರು 2,40,000 ಕೋಟಿ ಟನ್ ಎಂದು ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿ ಲೆಕ್ಕ ಹಾಕಿದೆ. ಕಲ್ಲಿದ್ದಲು, ತೈಲ, ಅನಿಲ ಸುಟ್ಟಿದ್ದರಿಂದ ಬಂದ ಭಾಗವನ್ನಷ್ಟೇ ತೆಗೆದುಕೊಂಡರೆ ಅದರಲ್ಲಿ ಸುಮಾರು ಕಾಲು ಪಾಲು ಅಮೆರಿಕ ಒಂದರದ್ದು, ಐದನೇ ಒಂದಕ್ಕಿಂತ ತುಸು ಹೆಚ್ಚು ಯುರೋಪಿನ ದೇಶಗಳದ್ದು. ಜಗತ್ತಿನ ಜನರಲ್ಲಿ ಆರನೇ ಒಂದು ಪಾಲಿನಷ್ಟಿರುವ ಭಾರತದ್ದು ಶೇ 3ರಿಂದ 4 ಮಾತ್ರ. ಈ ಅಸಮಾನತೆಯನ್ನು ಒಪ್ಪಿಕೊಂಡೇ 1992ರಲ್ಲಿ ರಿಯೊ ಡಿ ಜನೈರೊದಲ್ಲಿ ಸಹಿಯಾದ ವಿಶ್ವಸಂಸ್ಥೆಯ ಹವಾಮಾನ ಒಪ್ಪಂದದಲ್ಲಿ ‘ಎಲ್ಲರದ್ದೂ ಹೊಣೆ, ಆದರೆ ಎಲ್ಲರದ್ದೂ ಒಂದೇ ಅಳತೆಯದ್ದಲ್ಲ’ ಎಂಬ ತತ್ವವನ್ನು ಸೇರಿಸಲಾಯಿತು. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಕಡಿತದ ಗುರಿ ಹಾಕಿತು. 2015ರ ಪ್ಯಾರಿಸ್ ಒಪ್ಪಂದ ಪ್ರತಿಯೊಂದು ದೇಶವೂ ತನ್ನ ಗುರಿಯನ್ನು ತಾನೇ ಬರೆದು ತರಲಿ ಎಂದಿತು. ಅತಿ ದೊಡ್ಡ ಸಾಲಗಾರನಾದ ಅಮೆರಿಕ ಕ್ಯೋಟೊ ಒಪ್ಪಂದವನ್ನು ಅನುಮೋದಿಸಲಿಲ್ಲ, ಪ್ಯಾರಿಸ್ ಒಪ್ಪಂದದಿಂದ ಹೊರನಡೆಯುವ ಆದೇಶಕ್ಕೆ 2025ರ ಜನವರಿಯಲ್ಲಿ ಎರಡನೇ ಬಾರಿಗೆ ಸಹಿ ಬಿತ್ತು. ಮಕ್ಕಳು ಕೇಳಿದ್ದರಲ್ಲಿ ಸಿಟ್ಟಿದ್ದರೆ ಆ ಸಿಟ್ಟು ನ್ಯಾಯವಾದದ್ದೇ.

ಆದರೆ ಸಾಲದ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ತಾಪಮಾನದ ಏರಿಕೆಯನ್ನು 1.5 ಡಿಗ್ರಿಗೆ ನಿಲ್ಲಿಸುವ ಅರ್ಧದಷ್ಟು ಅವಕಾಶವಾದರೂ ಇರಬೇಕಿದ್ದರೆ, 2020ರಿಂದಾಚೆಗೆ ಮನುಷ್ಯಕುಲ ಬಿಡಬಹುದಾಗಿದ್ದ ಇಂಗಾಲದ ಡೈಆಕ್ಸೈಡ್ ಕೇವಲ 50,000 ಕೋಟಿ ಟನ್. ಅರಣ್ಯನಾಶವನ್ನೂ ಸೇರಿಸಿದರೆ ಜಗತ್ತು ಪ್ರತಿ ವರ್ಷ ಖರ್ಚು ಮಾಡುತ್ತಿರುವುದು ಸುಮಾರು 4,000 ಕೋಟಿ ಟನ್. ತಿಜೋರಿ ಬರಿದಾಗಲು ಇನ್ನೆಷ್ಟು ವರ್ಷ ಎಂಬುದನ್ನು ನಿಮ್ಮ ಎಂಟನೇ ತರಗತಿಯ ಮಕ್ಕಳೇ ಲೆಕ್ಕ ಮಾಡಬಲ್ಲರು. ಈಗಿನ ವಾರ್ಷಿಕ ಲೆಕ್ಕದಲ್ಲಿ ಚೀನಾ ಮೊದಲ ಸ್ಥಾನದಲ್ಲಿದೆ, ಅಮೆರಿಕ ಎರಡನೆಯದು, ಸುಮಾರು 300 ಕೋಟಿ ಟನ್ ಬಿಡುವ ಭಾರತ ಮೂರನೆಯದು. ತಲಾ ಲೆಕ್ಕದಲ್ಲಿ ನಮ್ಮದು ವರ್ಷಕ್ಕೆ ಎರಡು ಟನ್ನಿನ ಆಸುಪಾಸು. ಜಗತ್ತಿನ ಸರಾಸರಿ ನಾಲ್ಕೂವರೆ ಟನ್ನಿಗೂ ಹೆಚ್ಚು, ಚೀನಾದ್ದು ಎಂಟು ದಾಟಿದೆ, ಅಮೆರಿಕದ್ದು ಹದಿನಾಲ್ಕರ ಹತ್ತಿರ. ತಲಾ ಲೆಕ್ಕ ನಮ್ಮ ಪರವಾಗಿದೆ. ಆದರೆ ನಾವು ಇಂದು ಕಟ್ಟುವ ಒಂದು ಕಲ್ಲಿದ್ದಲು ಸ್ಥಾವರ ನಲವತ್ತು ವರ್ಷ ಉರಿಯುತ್ತದೆ. ಹಳೆಯ ಸಾಲದಲ್ಲಿ ನಮ್ಮ ಪಾಲು ಚಿಕ್ಕದಾದರೂ, ಮುಂದಿನ ಸಾಲಪತ್ರಕ್ಕೆ ಸಹಿ ಹಾಕುತ್ತಿರುವವರಲ್ಲಿ ನಾವೂ ಇದ್ದೇವೆ, ಮತ್ತು ಅದನ್ನು ತೀರಿಸಬೇಕಾದವರು ಇದೇ ಮಕ್ಕಳು. ‘ಅವರು ಮಾಡಲಿಲ್ಲವಲ್ಲ’ ಎಂಬ ಮಾತನ್ನು ಸಂಧಾನದ ಮೇಜಿನ ಮೇಲೆ ಗಟ್ಟಿಯಾಗಿ ಹೇಳಬೇಕು; ಹಣವನ್ನೂ ತಂತ್ರಜ್ಞಾನವನ್ನೂ ಹಕ್ಕಿನಿಂದ ಕೇಳಬೇಕು. ಅದೇ ಮಾತನ್ನು ಊರಿಗೆ ಬಂದು ಹೊಸ ಬಾಯ್ಲರ್ ಹೂಡಲು ನೆಪ ಮಾಡಿಕೊಳ್ಳಬಾರದು.

ತಲಾ ಎರಡು ಟನ್ ಎಂಬ ಸರಾಸರಿಯ ಬೆನ್ನಿಗೆ ಅಡಗಿಕೊಳ್ಳುವವರ ಬಗ್ಗೆಯೂ ಒಂದು ಮಾತು. ಯಾದಗಿರಿಯ ಕೂಲಿಕಾರನೊಬ್ಬನ ಮನೆಯಲ್ಲಿ ಎರಡು ಬಲ್ಬು, ಒಂದು ಫ್ಯಾನು. ಬೆಂಗಳೂರಿನ ಬಹುಮಹಡಿ ಕಟ್ಟಡದ ಮನೆಯೊಂದರಲ್ಲಿ ಮೂರು ಏಸಿ, ಎರಡು ಕಾರು, ವರ್ಷಕ್ಕೆ ನಾಲ್ಕಾರು ವಿಮಾನ ಪ್ರಯಾಣ. ಇಬ್ಬರನ್ನೂ ಕೂಡಿಸಿ ಎರಡರಿಂದ ಭಾಗಿಸಿದಾಗ ಬರುವ ಸಂಖ್ಯೆಯನ್ನು ಹಿಡಿದು ‘ಭಾರತೀಯರು ಮಿತವ್ಯಯಿಗಳು’ ಎನ್ನುವುದು, ಮೊದಲನೆಯವನ ಬಡತನವನ್ನು ಎರಡನೆಯವನ ಸಾಧನೆಯಾಗಿ ಬರೆದುಕೊಂಡಂತೆ.

ಇನ್ನು ನಾವು ಜಗತ್ತಿಗೆ ಕೊಟ್ಟ ಮಾತು. 2022ರ ಆಗಸ್ಟ್‌ನಲ್ಲಿ ಪರಿಷ್ಕರಿಸಿದ ಗುರಿಗಳ ಪ್ರಕಾರ, 2030ರ ಹೊತ್ತಿಗೆ ನಮ್ಮ ಆರ್ಥಿಕತೆಯ ಹೊರಸೂಸುವಿಕೆಯ ತೀವ್ರತೆಯನ್ನು 2005ರ ಮಟ್ಟದಿಂದ ಶೇ 45ರಷ್ಟು ಇಳಿಸಬೇಕು. ವಿದ್ಯುತ್ ಉತ್ಪಾದನೆಯ ಸ್ಥಾಪಿತ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ಅನಿಲ, ತೈಲಗಳನ್ನು ಸುಡದ ಮೂಲಗಳಿಂದ ಬರಬೇಕು. 2070ಕ್ಕೆ ನಿವ್ವಳ ಶೂನ್ಯ (ಬಿಟ್ಟಷ್ಟನ್ನೂ ವಾಪಸು ಹೀರಿಕೊಳ್ಳುವ ಸ್ಥಿತಿ) ಎಂಬುದು 2021ರಲ್ಲಿ ಗ್ಲಾಸ್ಗೊದಲ್ಲಿ ಘೋಷಿಸಿದ್ದು. ಇವುಗಳಲ್ಲಿ ಎರಡು ಪದಗಳನ್ನು ಮಕ್ಕಳಿಗೆ ಬಿಡಿಸಿ ಹೇಳಬೇಕು. ‘ತೀವ್ರತೆ’ ಎಂದರೆ ಒಂದು ರೂಪಾಯಿಯ ಉತ್ಪನ್ನಕ್ಕೆ ಎಷ್ಟು ಹೊಗೆ ಎಂಬ ಲೆಕ್ಕ. ಸಂಬಳ ಮೂರು ಪಟ್ಟಾಗಿ ಸಾಲ ಎರಡು ಪಟ್ಟಾದವನು ‘ಸಂಬಳಕ್ಕೆ ಹೋಲಿಸಿದರೆ ನನ್ನ ಸಾಲ ಇಳಿದಿದೆ’ ಎಂದರೆ ಅದು ಸುಳ್ಳಲ್ಲ, ಆದರೆ ಸಾಲವೇನೂ ಕಡಿಮೆಯಾಗಿರುವುದಿಲ್ಲ. ‘ಸ್ಥಾಪಿತ ಸಾಮರ್ಥ್ಯ’ ಎಂದರೆ ಯಂತ್ರದ ಫಲಕದ ಮೇಲೆ ಬರೆದ ಸಂಖ್ಯೆ. ಅದು ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬುದು ಬೇರೆ ಮಾತು. 2025ರ ಮಧ್ಯಭಾಗದಲ್ಲೇ, ಗಡುವಿಗೆ ಐದು ವರ್ಷ ಮೊದಲೇ, ನಾವು ಶೇ 50ರ ಸ್ಥಾಪಿತ ಸಾಮರ್ಥ್ಯದ ಗೆರೆ ದಾಟಿದೆವು; ಆದರೂ ತಂತಿಯಲ್ಲಿ ಹರಿಯುವ ನಾಲ್ಕು ಯೂನಿಟ್‌ಗಳಲ್ಲಿ ಸುಮಾರು ಮೂರು ಇಂದಿಗೂ ಕಲ್ಲಿದ್ದಲಿನವು. ಪರಮಾಣು ವಿದ್ಯುತ್ತಿನ ಪಾಲು ಶೇ 3ರಷ್ಟು. ಈ ಅಂತರದ ನಡುವೆಯೇ ನಿಮ್ಮ ಎರಡನೇ ಪ್ರಶ್ನೆ ನಿಂತಿದೆ.

ಅಣು ವಿದ್ಯುತ್ತಿನ ಪರವಾಗಿ ಇರುವ ಅತ್ಯಂತ ಬಲವಾದ ವಾದವನ್ನು ಕೈಗಾದ ಒಂದು ಇಂಧನ ಕಟ್ಟನ್ನು ನೋಡಿದರೆ ಸಾಕು, ಅರ್ಥವಾಗುತ್ತದೆ. ಕೈಗಾದ ಈಗಿನ ನಾಲ್ಕೂ ಘಟಕಗಳು ತಲಾ 220 ಮೆಗಾವ್ಯಾಟ್‌ನ ಭಾರಜಲ (ಭಾರವಾದ ಹೈಡ್ರೋಜನ್ ಇರುವ ನೀರು) ಬಳಸುವ ರಿಯಾಕ್ಟರ್‌ಗಳು. ಇವುಗಳಿಗೆ ಹಾಕುವುದು ಸಂವರ್ಧಿಸದ, ಸಹಜ ಯುರೇನಿಯಂ. ಹದಿನೆಂಟು ಕಡ್ಡಿಗಳು ನಡುವಿನ ಒಂದು ಕಡ್ಡಿಯ ಸುತ್ತ ಸೇರಿ ಒಟ್ಟು ಹತ್ತೊಂಬತ್ತು ಕಡ್ಡಿಗಳ ಕಟ್ಟು. ಉದ್ದ ಸುಮಾರು ಅರ್ಧ ಮೀಟರು, ತೂಕ ಹದಿನೈದು ಹದಿನಾರು ಕಿಲೊ. ಗಟ್ಟಿಮುಟ್ಟಾದ ಹುಡುಗನೊಬ್ಬ ಬಗಲಲ್ಲಿ ಹೊತ್ತೊಯ್ಯಬಹುದಾದಷ್ಟು. ಇಂಥ 3,672 ಕಟ್ಟುಗಳು ಒಂದು ರಿಯಾಕ್ಟರಿನ 306 ಕೊಳವೆಗಳಲ್ಲಿ ಸಾಲಾಗಿ ಕೂತಿರುತ್ತವೆ, ಮತ್ತು ಘಟಕವನ್ನು ನಿಲ್ಲಿಸದೆಯೇ ದಿನಕ್ಕೆ ಸರಾಸರಿ ಎಂಟು ಕಟ್ಟುಗಳನ್ನು ಒಂದು ತುದಿಯಿಂದ ತಳ್ಳಿ ಇನ್ನೊಂದು ತುದಿಯಿಂದ ಹೊರತೆಗೆಯುತ್ತಾರೆ. ಒಂದು ಕಟ್ಟು ತನ್ನ ಆಯುಷ್ಯದಲ್ಲಿ ಕೊಡುವ ವಿದ್ಯುತ್ತು ಆರು ಲಕ್ಷ ಯೂನಿಟ್‌ಗೂ ಹೆಚ್ಚು. ಅಷ್ಟೇ ವಿದ್ಯುತ್ತಿಗೆ ರಾಯಚೂರಿನ ಶಕ್ತಿನಗರದ ಉಷ್ಣ ವಿದ್ಯುತ್ ಕೇಂದ್ರದಲ್ಲಿ ನಾನೂರು ಟನ್ ಕಲ್ಲಿದ್ದಲು ಬೇಕು, ಅಂದರೆ ಗೂಡ್ಸ್ ರೈಲಿನ ಏಳು ವ್ಯಾಗನ್. 1,720 ಮೆಗಾವ್ಯಾಟ್‌ನ ಆ ಕೇಂದ್ರ ಪೂರ್ತಿ ಓಡಿದರೆ ದಿನಕ್ಕೆ ಏಳೆಂಟು ರೇಕ್ (ಒಂದು ರೇಕ್ ಎಂದರೆ ಒಂದು ಇಡೀ ಗೂಡ್ಸ್ ರೈಲು) ಕಲ್ಲಿದ್ದಲು ಬೇಕಾಗುತ್ತದೆ, ಮತ್ತು ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಮೂರನೇ ಒಂದು ಭಾಗ ಬೂದಿಯೇ ಆದ್ದರಿಂದ ಎರಡು ಮೂರು ರೇಕ್‌ನಷ್ಟು ಬೂದಿ ಊರಿನಲ್ಲೇ ಉಳಿಯುತ್ತದೆ. ಗಣಿಯಿಂದ ಹಿಡಿದು ಸ್ಥಾವರವನ್ನು ಕಳಚುವವರೆಗಿನ ಎಲ್ಲವನ್ನೂ ಸೇರಿಸಿ ಐಪಿಸಿಸಿ 2014ರಲ್ಲಿ ಕೊಟ್ಟ ಮಧ್ಯಮ ಅಂದಾಜಿನ ಪ್ರಕಾರ, ಒಂದು ಯೂನಿಟ್‌ಗೆ ಕಲ್ಲಿದ್ದಲು 820 ಗ್ರಾಂ, ನೈಸರ್ಗಿಕ ಅನಿಲ 490, ಸೌರ ಫಲಕ 40ರಿಂದ 50, ಗಾಳಿ ಮತ್ತು ಪರಮಾಣು ತಲಾ 12 ಗ್ರಾಂ ಆಸುಪಾಸು. ‘ಅಣು ಸ್ಥಾವರ ಕಟ್ಟಲು ಸಿಮೆಂಟು ಬೇಕಲ್ಲ, ಅದರ ಇಂಗಾಲ ಎಲ್ಲಿ ಹೋಯಿತು’ ಎಂದು ಕೇಳುವವರಿಗೆ ಉತ್ತರ ಈ 12 ಗ್ರಾಂನಲ್ಲಿದೆ.

ಇಲ್ಲಿಯವರೆಗೆ ಓದಿದವರು ನಾನು ಅಣುಶಕ್ತಿ ಇಲಾಖೆಯ ವಕೀಲ ಎಂದುಕೊಳ್ಳಬಹುದು. ಮುಂದಿನ ಲೆಕ್ಕವನ್ನೂ ನೋಡಿ.

ಕೈಗಾದ ಮೊದಲನೇ ಘಟಕ 2016ರ ಮೇ 13ರಂದು ಗ್ರಿಡ್‌ಗೆ ಸೇರಿದ್ದು, 2018ರ ಡಿಸೆಂಬರ್ 31ರವರೆಗೆ ಒಮ್ಮೆಯೂ ನಿಲ್ಲಲಿಲ್ಲ. 962 ದಿನ. ಬ್ರಿಟನ್ನಿನ ಹೇಶಮ್ ಸ್ಥಾವರದ 940 ದಿನಗಳ ವಿಶ್ವದಾಖಲೆಯನ್ನು ಕಾಳಿ ನದಿಯ ದಡದ ಈ ಪುಟ್ಟ ರಿಯಾಕ್ಟರು ಮುರಿದದ್ದು ನಿಜಕ್ಕೂ ಹೆಮ್ಮೆಯ ವಿಷಯ. ಮುಂದೆ 2020ರಲ್ಲಿ ಕೆನಡಾದ ಡಾರ್ಲಿಂಗ್ಟನ್ ಅದನ್ನು ಕಿತ್ತುಕೊಂಡಿತು. ಆ 962 ದಿನಗಳಲ್ಲಿ ಉತ್ಪಾದನೆಯಾದದ್ದು ಸುಮಾರು 500 ಕೋಟಿ ಯೂನಿಟ್. ಅಷ್ಟನ್ನೂ ಕಲ್ಲಿದ್ದಲಿನಿಂದ ಪಡೆದಿದ್ದರೆ ಹೊರಬೀಳುತ್ತಿದ್ದ ಇಂಗಾಲದ ಡೈಆಕ್ಸೈಡ್, ಯೂನಿಟ್‌ಗೆ ಒಂದು ಕಿಲೊ ಎಂದು ಧಾರಾಳವಾಗಿ ಹಿಡಿದರೂ, 50 ಲಕ್ಷ ಟನ್. ವರ್ಷಕ್ಕೆ 300 ಕೋಟಿ ಟನ್ ಬಿಡುವ ಭಾರತ ಒಂದು ದಿನಕ್ಕೆ ಬಿಡುವುದು ಸುಮಾರು 82 ಲಕ್ಷ ಟನ್. ಎಂದರೆ ವಿಶ್ವದಾಖಲೆಯ ಆ ಎರಡೂವರೆ ವರ್ಷದ ಓಟ ಉಳಿಸಿದ್ದು ದೇಶದ ಹದಿನೈದು ಗಂಟೆಗಳ ಹೊಗೆಯನ್ನು. ಬೆಳಿಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ.

ಈ ಲೆಕ್ಕ ಕೈಗಾವನ್ನು ಹೀಗಳೆಯಲು ಹೇಳಿದ್ದಲ್ಲ. ರಿಯಾಕ್ಟರು ತನ್ನ ಕೆಲಸವನ್ನು ಯಾವ ಕುಂದೂ ಇಲ್ಲದೆ ಮಾಡಿದೆ. ದೇಶದ ಗಾತ್ರದ ಮುಂದೆ ರಿಯಾಕ್ಟರುಗಳ ಸಂಖ್ಯೆ ಚಿಕ್ಕದು, ಅಷ್ಟೆ. ಹಾಗಾದರೆ ಹೆಚ್ಚಿಸಬಾರದೇಕೆ ಎಂದು ಕೇಳಿದರೆ ನಮ್ಮ ಇತಿಹಾಸವನ್ನು ನೋಡಬೇಕಾಗುತ್ತದೆ. ತಾರಾಪುರದಲ್ಲಿ ಮೊದಲ ಅಣು ವಿದ್ಯುತ್ ಹರಿದದ್ದು 1969ರಲ್ಲಿ. 2000ನೇ ಇಸವಿಗೆ 10,000 ಮೆಗಾವ್ಯಾಟ್ ಎಂದು ಎಂಬತ್ತರ ದಶಕದಲ್ಲಿ ಗುರಿ ಇಟ್ಟುಕೊಂಡೆವು, ಆಮೇಲೆ 2020ಕ್ಕೆ 20,000 ಎಂದೆವು. 2025ರಲ್ಲಿ ನಮ್ಮ ಬಳಿ ಇದ್ದದ್ದು 8,880. ಕಾರಣಗಳಿಲ್ಲದೆ ಇಲ್ಲ: 1974ರ ಪೋಖ್ರಾನ್ ಸ್ಫೋಟದ ನಂತರ ಹೊರಗಿನ ಯುರೇನಿಯಂ ಮತ್ತು ತಂತ್ರಜ್ಞಾನದ ಬಾಗಿಲು ಮುಚ್ಚಿತು, ಅದು ತೆರೆದದ್ದು 2008ರಲ್ಲಿ ಪರಮಾಣು ಪೂರೈಕೆದಾರ ದೇಶಗಳ ಗುಂಪು ವಿನಾಯಿತಿ ಕೊಟ್ಟ ಮೇಲೆ. ಆದರೆ ಬಾಗಿಲು ತೆರೆದ ನಂತರವೂ ಮಹಾರಾಷ್ಟ್ರದ ಜೈತಾಪುರದಲ್ಲಿ ಕಟ್ಟಬೇಕಿದ್ದ 9,900 ಮೆಗಾವ್ಯಾಟ್‌ನ ಫ್ರೆಂಚ್ ಸ್ಥಾವರ ಕಾಗದದ ಮೇಲೆಯೇ ಉಳಿದಿದೆ. ಕಲ್ಪಾಕ್ಕಂನಲ್ಲಿ 2004ರಲ್ಲಿ ಶುರುವಾದ 500 ಮೆಗಾವ್ಯಾಟ್‌ನ ಫಾಸ್ಟ್ ಬ್ರೀಡರ್‌ನ (ಸುಡುವುದಕ್ಕಿಂತ ಹೆಚ್ಚು ಇಂಧನವನ್ನು ತಾನೇ ಹುಟ್ಟಿಸುವ ರಿಯಾಕ್ಟರು) ಗರ್ಭವನ್ನು ತುಂಬುವ ಕೆಲಸ ಆರಂಭವಾದದ್ದೇ 2024ರ ಮಾರ್ಚ್‌ನಲ್ಲಿ. ನಿಮ್ಮ ಕೈಗಾದ್ದೇ ಉದಾಹರಣೆ ಸಾಕು: ಮೊದಲೆರಡು ಘಟಕಗಳ ಕಾಮಗಾರಿ 1989ರಲ್ಲಿ ಆರಂಭವಾಯಿತು, 1994ರ ಮೇ ತಿಂಗಳಲ್ಲಿ ಒಂದನೇ ಘಟಕದ ಒಳಗೋಪುರದ ಕಾಂಕ್ರೀಟು ಪದರ ಕಳಚಿ ಕೆಳಗೆ ಬಿತ್ತು, ವಿನ್ಯಾಸ ಬದಲಿಸಿ ಮತ್ತೆ ಕಟ್ಟಿ ವಾಣಿಜ್ಯ ಉತ್ಪಾದನೆ ಆರಂಭಿಸುವಾಗ 2000ನೇ ಇಸವಿ ಬಂದಿತ್ತು. ಈಗಿನ 5 ಮತ್ತು 6ನೇ ಘಟಕಗಳಿಗೆ, ತಲಾ 700 ಮೆಗಾವ್ಯಾಟ್, ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2017ರಲ್ಲಿ. ಮುಖ್ಯ ಕಾಮಗಾರಿಯ 12,800 ಕೋಟಿ ರೂಪಾಯಿಗಳ ಗುತ್ತಿಗೆ ಹೈದರಾಬಾದಿನ ಕಂಪನಿಗೆ ಹೋದದ್ದು 2025ರಲ್ಲಿ. ಎಂಟು ವರ್ಷ ಕಡತದಲ್ಲೇ ಕಳೆಯಿತು.

2025ರ ಕೇಂದ್ರ ಬಜೆಟ್‌ನಲ್ಲಿ 2047ಕ್ಕೆ 1,00,000 ಮೆಗಾವ್ಯಾಟ್ ಎಂಬ ಗುರಿ ಬಂತು, ಚಿಕ್ಕ ರಿಯಾಕ್ಟರುಗಳ ಸಂಶೋಧನೆಗೆ 20,000 ಕೋಟಿ ರೂಪಾಯಿ ಇಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸತ್ತು ಖಾಸಗಿ ಕಂಪನಿಗಳಿಗೆ ಈ ಕ್ಷೇತ್ರವನ್ನು ತೆರೆಯುವ ಕಾನೂನನ್ನು ಅಂಗೀಕರಿಸಿತು. ಗುರಿ ಮುಟ್ಟಬೇಕಾದರೆ ಇಪ್ಪತ್ತೆರಡು ವರ್ಷಗಳ ಕಾಲ ಪ್ರತಿ ವರ್ಷ ಸರಾಸರಿ ಆರು 700 ಮೆಗಾವ್ಯಾಟ್‌ನ ರಿಯಾಕ್ಟರುಗಳು ಉದ್ಘಾಟನೆಯಾಗಬೇಕು. ಕಳೆದ ಐವತ್ತಾರು ವರ್ಷಗಳ ನಮ್ಮ ಸರಾಸರಿ ವೇಗ ವರ್ಷಕ್ಕೆ 160 ಮೆಗಾವ್ಯಾಟ್, ಅಂದರೆ ಒಂದು ರಿಯಾಕ್ಟರಿನ ಕಾಲು ಭಾಗಕ್ಕಿಂತ ಕಡಿಮೆ. ಗುರಿ ಮುಟ್ಟಿದೆವೆಂದೇ ಇಟ್ಟುಕೊಳ್ಳಿ. ಅಷ್ಟು ಹೊತ್ತಿಗೆ ವಿದ್ಯುತ್ ಬೇಡಿಕೆ ಈಗಿನ ಮೂರು ಪಟ್ಟಾಗಿದ್ದರೆ, ಅದರಲ್ಲಿ ಅಣು ವಿದ್ಯುತ್ತಿನ ಪಾಲು ಏಳರಲ್ಲಿ ಒಂದು. ಅದು ಕಡಿಮೆಯೇನಲ್ಲ. ಆದರೆ ಉಳಿದ ಆರು ಪಾಲು ಎಲ್ಲಿಂದ ಎಂಬ ಪ್ರಶ್ನೆಯನ್ನು ಈ ಗುರಿಯ ಘೋಷಣೆ ನುಂಗಿಹಾಕಬಾರದು.

ಇದಕ್ಕೆ ಎದುರಾಗಿ ಸೌರ ವಿದ್ಯುತ್ತಿನ ವೇಗವನ್ನು ನೋಡಿ. 2024-25ರ ಒಂದೇ ವರ್ಷದಲ್ಲಿ ದೇಶದಲ್ಲಿ ಹೊಸದಾಗಿ ಸೇರಿದ ಸೌರ ಸಾಮರ್ಥ್ಯ ಸುಮಾರು 24,000 ಮೆಗಾವ್ಯಾಟ್. ಸೂರ್ಯ ಇರುವಷ್ಟೇ ಹೊತ್ತು ಲೆಕ್ಕ ಹಿಡಿದರೂ ಅದರಿಂದ ವರ್ಷಕ್ಕೆ ಸುಮಾರು 4,000 ಕೋಟಿ ಯೂನಿಟ್ ಬರುತ್ತದೆ. ಅದೇ ವರ್ಷ ನಮ್ಮ ಎಲ್ಲ ಅಣು ಸ್ಥಾವರಗಳೂ ಸೇರಿ ಉತ್ಪಾದಿಸಿದ್ದು ಸುಮಾರು 5,700 ಕೋಟಿ ಯೂನಿಟ್. ಅಣುವಿನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಲ್ಲಿ ಕಟ್ಟಿದ್ದರ ಮುಕ್ಕಾಲಿನ ಹತ್ತಿರ ಹತ್ತಿರದಷ್ಟನ್ನು ಸೌರದಲ್ಲಿ ಒಂದು ವರ್ಷದಲ್ಲಿ ಸೇರಿಸಿದ್ದೇವೆ. ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಎದ್ದು ನಿಲ್ಲಲು ನಾಲ್ಕೈದು ವರ್ಷ ಸಾಕಾಯಿತು. ಖರ್ಚಿನ ವಿಷಯಕ್ಕೆ ಬಂದರೆ, 2017ರಲ್ಲಿ ಒಪ್ಪಿಗೆ ಪಡೆದ ಹತ್ತು ಅಣು ರಿಯಾಕ್ಟರುಗಳ 7,000 ಮೆಗಾವ್ಯಾಟ್‌ಗೆ ಅಂದಾಜು 1,05,000 ಕೋಟಿ ರೂಪಾಯಿ, ಅಂದರೆ ಮೆಗಾವ್ಯಾಟ್‌ಗೆ 15 ಕೋಟಿ. ಸೌರಕ್ಕೆ ಇದರ ಮೂರನೇ ಒಂದು ಭಾಗವೂ ಬೇಕಿಲ್ಲ, ಆದರೆ ಅದು ಓಡುವುದೂ ಅಣು ಘಟಕದ ಕಾಲು ಭಾಗದಷ್ಟು ಹೊತ್ತು.

ಹಾಗಾದರೆ ಸೌರವೇ ಸಾಕಲ್ಲ ಎನ್ನುವವರಿಗೆ ನಾನು 2023ರ ಅಕ್ಟೋಬರ್ ತಿಂಗಳನ್ನು ನೆನಪಿಸುತ್ತೇನೆ. ಮುಂಗಾರು ಕೈಕೊಟ್ಟಿತ್ತು, ಜಲಾಶಯಗಳು ಬರಿದಾಗಿದ್ದವು, ಮಳೆಯಿಲ್ಲದ ಹೊಲಗಳಿಗೆ ನೀರೆತ್ತಲು ಪಂಪ್‌ಸೆಟ್‌ಗಳು ಎಡೆಬಿಡದೆ ಓಡುತ್ತಿದ್ದವು. ದೇಶದಲ್ಲೇ ಹೆಚ್ಚು ಸೌರ ಮತ್ತು ಪವನ ವಿದ್ಯುತ್ ಇರುವ ರಾಜ್ಯಗಳ ಸಾಲಿನ ಕರ್ನಾಟಕದಲ್ಲಿ ತ್ರೀಫೇಸ್ ವಿದ್ಯುತ್ತನ್ನು ಏಳು ಗಂಟೆಯಿಂದ ಐದಕ್ಕೆ ಇಳಿಸಬೇಕಾಯಿತು, ರೈತರು ಎಸ್ಕಾಂ ಕಚೇರಿಗಳ ಮುಂದೆ ಧರಣಿ ಕೂತರು. ಹಗಲಿನ ಬಿಸಿಲು ಸಂಜೆ ಏಳಕ್ಕೆ ಉಪಯೋಗಕ್ಕೆ ಬರಬೇಕಾದರೆ ಅದನ್ನು ಎಲ್ಲಾದರೂ ಕೂಡಿಡಬೇಕು. ಬ್ಯಾಟರಿಗಳ ಬೆಲೆ ಇಳಿಯುತ್ತಿದೆ. ನಾಲ್ಕು ಗಂಟೆಯ ಸಂಗ್ರಹಕ್ಕೆ ಅವು ಸಾಕು, ಮಳೆಗಾಲದ ಮೋಡ ಮುಸುಕಿದ ಹತ್ತು ದಿನಗಳಿಗೆ ಸಾಲವು. ಇನ್ನೊಂದು ದಾರಿ, ನೀರನ್ನು ಮೇಲಕ್ಕೆತ್ತಿ ಸಂಗ್ರಹಿಸುವ ಪಂಪ್ಡ್ ಸ್ಟೋರೇಜ್. ಅದಕ್ಕೆಂದು ಶರಾವತಿ ಕಣಿವೆಯಲ್ಲಿ ಯೋಜಿಸಿರುವ 2,000 ಮೆಗಾವ್ಯಾಟ್‌ನ ಕಾಮಗಾರಿ ಸಿಂಗಳೀಕದ ಕಾಡಿಗೆ ಕೈ ಹಾಕುತ್ತದೆ ಎಂದು ಮಲೆನಾಡು ಎದ್ದು ನಿಂತಿರುವುದು ನಿಮಗೆ ಗೊತ್ತೇ ಇದೆ. ಪಶ್ಚಿಮ ಘಟ್ಟಕ್ಕೆ ಪೆಟ್ಟು ಕೊಡದ ವಿದ್ಯುತ್ ಮೂಲವನ್ನು ಹುಡುಕುತ್ತ ಹೊರಟವರು ಅಣುವನ್ನು ಬಿಟ್ಟರೂ ಘಟ್ಟಕ್ಕೇ ಬಂದು ನಿಲ್ಲುವ ಪರಿಸ್ಥಿತಿ ಇದೆ. ಹೀಗಾಗಿ ಗಾಳಿ, ಮಳೆ, ಬಿಸಿಲುಗಳನ್ನು ನೆಚ್ಚದೆ ಹಗಲಿರುಳೂ ಒಂದೇ ಸಮ ಹರಿಯುವ ಇಂಗಾಲರಹಿತ ವಿದ್ಯುತ್ತಿಗೆ ಬೆಲೆ ಇದೆ. ಈಗ ಆ ಜಾಗದಲ್ಲಿ ಕೂತಿರುವುದು ಕಲ್ಲಿದ್ದಲು. ಅದನ್ನು ಅಲ್ಲಿಂದ ಎಬ್ಬಿಸಿದರೆ ಮಾತ್ರ ಅಣು ವಿದ್ಯುತ್ತು ಹೊಣೆ ನಿರ್ವಹಿಸಿದಂತೆ. ಕಲ್ಲಿದ್ದಲಿನ ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಕೊಂಡು ಕೂತರೆ ಬೇಡಿಕೆ ತುಂಬಿದಂತಾಯಿತೇ ಹೊರತು ಇಂಗಾಲ ಇಳಿದಂತೆ ಆಗಲಿಲ್ಲ.

ಜರ್ಮನಿಯ ಮಾತು. ಜಪಾನಿನ ಫುಕುಶಿಮಾ ಅಣು ಸ್ಥಾವರದ ದುರಂತದ ನಂತರ 2011ರಲ್ಲಿ ಅಲ್ಲಿನ ಸರ್ಕಾರ ತೀರ್ಮಾನಿಸಿದಂತೆ ಕೊನೆಯ ಮೂರು ರಿಯಾಕ್ಟರುಗಳು 2023ರ ಏಪ್ರಿಲ್ 15ರಂದು ನಿಂತವು. ಕಲ್ಲಿದ್ದಲಿಗೆ ಕೊಟ್ಟಿರುವ ಕಟ್ಟಕಡೆಯ ಗಡುವು 2038. ಜರ್ಮನಿ ಸೌರ ಮತ್ತು ಪವನದಲ್ಲಿ ಮಾಡಿದ ಸಾಧನೆ ದೊಡ್ಡದು, ಸೌರ ಫಲಕ ಇಂದು ನಮಗೆ ಅಗ್ಗವಾಗಿ ಸಿಗುವುದರಲ್ಲಿ ಅವರ ಹಣದ ಪಾಲೂ ಇದೆ. ಆದರೆ ಮುಚ್ಚುವ ಸರದಿ ತಲೆಕೆಳಗಾಯಿತು ಎಂದೇ ನನ್ನ ಎಣಿಕೆ: ಕಟ್ಟಿ ಮುಗಿದು ಓಡುತ್ತಿದ್ದ ಇಂಗಾಲರಹಿತ ಯಂತ್ರಗಳನ್ನು ಮೊದಲು ನಿಲ್ಲಿಸಿ, ಲಿಗ್ನೈಟ್ ಎಂಬ ಕಂದು ಕಲ್ಲಿದ್ದಲು ಉರಿಸುವ ಒಲೆಗಳನ್ನು ಉಳಿಸಿಕೊಂಡರು. ಪಕ್ಕದ ಫ್ರಾನ್ಸ್ 1974ರ ತೈಲ ಬಿಕ್ಕಟ್ಟಿನ ಕಾಲದಲ್ಲಿ ಪ್ರಧಾನಿ ಪಿಯರ್ ಮೆಸ್ಮರ್ ಹಾಕಿಕೊಟ್ಟ ಯೋಜನೆಯಂತೆ ಒಂದೇ ಮಾದರಿಯ ರಿಯಾಕ್ಟರುಗಳನ್ನು ಸಾಲಾಗಿ ಕಟ್ಟಿ, ಹದಿನೈದು ವರ್ಷಗಳಲ್ಲಿ ವಿದ್ಯುತ್ತಿನ ಬಹುಪಾಲನ್ನು ಅಣುವಿಗೆ ತಿರುಗಿಸಿಕೊಂಡಿತು. ಅಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಇಂಗಾಲ 50 ಗ್ರಾಂ ಆಸುಪಾಸಿನಲ್ಲಿದ್ದರೆ ಜರ್ಮನಿಯಲ್ಲಿ 300 ದಾಟುತ್ತದೆ. ಹಾಗೆಂದು ಫ್ರಾನ್ಸನ್ನು ಪೂರ್ತಿ ಮಾದರಿಯಾಗಿ ತೋರಿಸುವವರು 2022ನ್ನು ಮರೆಯಬಾರದು. ಕೊಳವೆಗಳಲ್ಲಿ ಕಂಡ ಬಿರುಕು ಮತ್ತು ದುರಸ್ತಿ ಕೆಲಸ ಎರಡೂ ಸೇರಿ ಅರ್ಧಕ್ಕರ್ಧ ರಿಯಾಕ್ಟರುಗಳು ನಿಂತು, ವಿದ್ಯುತ್ ಮಾರುತ್ತಿದ್ದ ದೇಶವೇ ಕೊಳ್ಳಬೇಕಾಯಿತು. 2007ರಲ್ಲಿ ಶುರುವಾದ ಅವರ ಫ್ಲಾಮನ್ವಿಲ್ ರಿಯಾಕ್ಟರು ಗ್ರಿಡ್ ಸೇರಿದ್ದು 2024ರ ಡಿಸೆಂಬರ್‌ನಲ್ಲಿ, ಮೂಲ ಅಂದಾಜಿನ ನಾಲ್ಕು ಪಟ್ಟು ಖರ್ಚಿನಲ್ಲಿ. ಎಪ್ಪತ್ತರ ದಶಕದ ಫ್ರಾನ್ಸ್ ಮಾಡಿದ್ದನ್ನು ಇಂದಿನ ಫ್ರಾನ್ಸಿಗೇ ಮಾಡಲಾಗುತ್ತಿಲ್ಲ. ಜರ್ಮನಿಯಿಂದ ನಾವು ಕಲಿಯಬೇಕಾದದ್ದು ಓಡುತ್ತಿರುವ ಸ್ಥಾವರವನ್ನು ಭಯದಿಂದ ಮುಚ್ಚಬಾರದು ಎಂಬುದನ್ನು. ಫ್ರಾನ್ಸಿನಿಂದ, ಒಂದೇ ವಿನ್ಯಾಸಕ್ಕೆ ಅಂಟಿಕೊಂಡು ಕಟ್ಟಬೇಕು, ಆದರೆ ಎಲ್ಲ ಮೊಟ್ಟೆಗಳನ್ನೂ ಒಂದೇ ಬುಟ್ಟಿಯಲ್ಲಿಡಬಾರದು ಎಂಬುದನ್ನು.

ಸುರಕ್ಷತೆಯ ಬಗ್ಗೆ ನೀವು ಕೇಳಲಿಲ್ಲ, ಆದರೂ ಕೈಗಾದ ಪಕ್ಕದಲ್ಲಿ ಇರುವವರಿಗೆ ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಯೂನಿಟ್ ಲೆಕ್ಕದಲ್ಲಿ ನೋಡಿದರೆ ಕಲ್ಲಿದ್ದಲಿನ ಹೊಗೆ ಮತ್ತು ಬೂದಿಯಿಂದ ಸಾಯುವವರ ಸಂಖ್ಯೆಗೆ ಹೋಲಿಸಿದಾಗ ಅಣು ವಿದ್ಯುತ್ತಿನ ಸಾವುಗಳು, ಚೆರ್ನೊಬಿಲ್ ಸೇರಿಸಿದರೂ, ತೀರಾ ಕಡಿಮೆ. ಆದರೆ ಸರಾಸರಿಯ ಮಾತು ನಂಬಿಕೆಯನ್ನು ಹುಟ್ಟಿಸುವುದಿಲ್ಲ. ನಂಬಿಕೆ ಹುಟ್ಟುವುದು ಮುಚ್ಚುಮರೆಯಿಲ್ಲದ ಮಾಹಿತಿಯಿಂದ. 2009ರ ನವೆಂಬರ್‌ನಲ್ಲಿ ಕೈಗಾದ ಕುಡಿಯುವ ನೀರಿನ ಕೂಲರ್ ಒಂದರಲ್ಲಿ ಟ್ರೀಷಿಯಂ ಎಂಬ ವಿಕಿರಣಶೀಲ ವಸ್ತು ಇದ್ದ ಭಾರಜಲ ಬೆರೆತು ಹಲವು ನೌಕರರ ದೇಹ ಸೇರಿತ್ತು, ಒಳಗಿನವರದೇ ಕೃತ್ಯ ಇರಬೇಕೆಂದು ಅಧಿಕಾರಿಗಳೇ ಹೇಳಿದ್ದರು. ಅಂಥ ಸುದ್ದಿಯನ್ನು ಊರವರು ಮೊದಲು ಟಿವಿಯಲ್ಲಿ ನೋಡುವಂತಾಗಬಾರದು. ನಿಯಂತ್ರಣ ಮಂಡಳಿಯಾದ ಎಇಆರ್‌ಬಿ 1983ರಿಂದ ಇದ್ದರೂ, ತಾನು ನಿಯಂತ್ರಿಸಬೇಕಾದವರ ಅಧೀನದಲ್ಲೇ ಇದೆ ಎಂದು 2012ರಲ್ಲಿ ಮಹಾಲೇಖಪಾಲರ ವರದಿ ಆಕ್ಷೇಪಿಸಿತ್ತು. 2025ರ ಕಾನೂನು ಅದಕ್ಕೆ ಶಾಸನಬದ್ಧ ಸ್ಥಾನ ಕೊಟ್ಟಿದೆ. ಸ್ಥಾನ ಸಿಕ್ಕಮೇಲೆ ಅದು ಧ್ವನಿ ಎತ್ತುತ್ತದೆಯೇ ಎಂಬುದನ್ನು ಕಾದು ನೋಡಬೇಕು.

ರಿಯೊದ ತತ್ವವನ್ನು ನಾವು ಅಮೆರಿಕಕ್ಕೆ ಮಾತ್ರ ಅನ್ವಯಿಸುತ್ತೇವೆ, ನಮ್ಮ ರಾಜ್ಯದೊಳಗೆ ಅನ್ವಯಿಸುವುದಿಲ್ಲ ಎಂಬುದು ನನ್ನ ದೊಡ್ಡ ತಕರಾರು. ಉತ್ತರ ಕನ್ನಡ ಕಾಳಿ ನದಿಗೆ ಸೂಪಾ, ಕೊಡಸಳ್ಳಿ, ಕದ್ರಾಗಳಲ್ಲಿ ಅಣೆಕಟ್ಟು ಕಟ್ಟಿಸಿಕೊಂಡಿತು, ಸೀಬರ್ಡ್ ನೌಕಾನೆಲೆಗೆ ಕಡಲ ದಂಡೆಯ ಊರುಗಳನ್ನು ಬಿಟ್ಟುಕೊಟ್ಟಿತು, ಕೈಗಾಕ್ಕೆ ಕಾಡನ್ನು ಕೊಟ್ಟಿತು. ಕೈಗಾವನ್ನು ವಿರೋಧಿಸಿ ಶಿವರಾಮ ಕಾರಂತರು 1989ರಲ್ಲಿ ಲೋಕಸಭೆಗೆ ಸ್ಪರ್ಧಿಸಿ ಸೋತದ್ದು ಹಳೆಯ ತಲೆಮಾರಿಗೆ ನೆನಪಿದೆ. ವಿದ್ಯುತ್ ಮಾತ್ರ ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಹೋಗುತ್ತದೆ. ಕಡಿಮೆ ಬಳಸಿದವರು ಹೆಚ್ಚು ಭಾರ ಹೊರುವುದು ಜಾಗತಿಕ ಮಟ್ಟದಲ್ಲಿ ಅನ್ಯಾಯವಾದರೆ ಜಿಲ್ಲೆಯ ಮಟ್ಟದಲ್ಲೂ ಅನ್ಯಾಯವೇ.

ಈಗ ನೇರ ಉತ್ತರ. ಕೈಗಾದ 5 ಮತ್ತು 6ನೇ ಘಟಕಗಳನ್ನು ನಾನು ಷರತ್ತಿನ ಮೇಲೆ ಒಪ್ಪುತ್ತೇನೆ. ಜಾಗ ಹೊಸದಲ್ಲ, ರಿಯಾಕ್ಟರಿನ ಮಾದರಿ ನಮ್ಮದೇ ಮತ್ತು ಗುಜರಾತಿನ ಕಾಕ್ರಾಪಾರದಲ್ಲಿ ಈಗಾಗಲೇ ಓಡುತ್ತಿದೆ, ಇವುಗಳ ಸಹಾಯ 2030ರ ಗುರಿಗೆ ಸಿಗದಿದ್ದರೂ ಆಮೇಲಿನ ದಶಕಗಳಿಗೆ ಸಿಗುತ್ತದೆ. ಎರಡೂ ಸೇರಿ ಚೆನ್ನಾಗಿ ಓಡಿದರೆ ವರ್ಷಕ್ಕೆ ಸುಮಾರು 1,000 ಕೋಟಿ ಯೂನಿಟ್ ಕೊಡುತ್ತವೆ, ಇದು ಶಕ್ತಿನಗರದ ಇಡೀ ಕೇಂದ್ರ ಮಧ್ಯಮ ಮಟ್ಟದಲ್ಲಿ ಓಡಿದ ವರ್ಷದ ಉತ್ಪಾದನೆಗೆ ಸರಿಸುಮಾರು ಸಮ. ಕದ್ರಾ ಜಲಾಶಯದ ನೀರಿನ, ಮೀನಿನ ವಿಕಿರಣದ ಅಳತೆಗಳನ್ನು ತಿಂಗಳು ತಿಂಗಳೂ ಕನ್ನಡದಲ್ಲಿ ಪಂಚಾಯಿತಿಯ ಗೋಡೆಗೆ ಅಂಟಿಸಬೇಕು, ಸುತ್ತಲಿನ ಹಳ್ಳಿಗಳ ಆರೋಗ್ಯ ಸಮೀಕ್ಷೆಯನ್ನು ಅಣುಶಕ್ತಿ ಇಲಾಖೆಗೆ ಸಂಬಂಧವಿಲ್ಲದವರು ಮಾಡಬೇಕು, ಜಿಲ್ಲೆಗೆ ವಿದ್ಯುತ್ತಿನಲ್ಲೂ ಆದಾಯದಲ್ಲೂ ಕಾಣುವಂಥ ಪಾಲು ಸಿಗಬೇಕು. ಇವೆಲ್ಲ ಬೇಡಿಕೆಗಳಿಗಿಂತ ಮುಂದೆ ನಾನು ಇಡುವುದು ಇನ್ನೊಂದನ್ನು. ಸ್ಥಾವರದ ಅಧಿಕಾರಿಗಳಾಗಲಿ ಇಂಧನ ಸಚಿವರಾಗಲಿ ನಿಮ್ಮ ಶಾಲೆಗೆ ಬಂದು ‘ಇದು ಹವಾಮಾನಕ್ಕಾಗಿ’ ಎಂದು ಭಾಷಣ ಮಾಡಿದರೆ ನಿಮ್ಮ ಮಕ್ಕಳು ಎದ್ದು ನಿಂತು ಕೇಳಬೇಕು: ಐದನೇ ಘಟಕ ಗ್ರಿಡ್‌ಗೆ ಸೇರುವ ದಿನ, 1985ರಿಂದ ಉರಿಯುತ್ತಿರುವ ಶಕ್ತಿನಗರದ ಕೇಂದ್ರದಲ್ಲಿ ಎಷ್ಟನೇ ನಂಬರಿನ ಘಟಕವನ್ನು ಶಾಶ್ವತವಾಗಿ ಆರಿಸುತ್ತೀರಿ, ಅದರ ತಾರೀಖು ಎಲ್ಲಿ ಬರೆದಿದೆ?